ವರ್ಣಭೇದದ ನಾಡಿನಲ್ಲಿ ವಿದೇಶಿ ಕಂಪನಿಗಳ ನೀತಿ ಸಂಹಿತೆ: ಕಾರ್ಮಿಕರಿಗೆ ದಕ್ಕಿದ್ದೆಷ್ಟು?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಿದ್ಧ ಉಡುಪು ಕಾರ್ಖಾನೆಯ ಕಾರ್ಮಿಕ ಕಲ್ಯಾಣ ವಿಭಾಗದಲ್ಲಿದ್ದೇನೆ. ನಮ್ಮಿಂದ ಬಟ್ಟೆ ಕೊಳ್ಳುವ ವಿದೇಶಿ ಕಂಪನಿಗಳ ನೀತಿ ಸಂಹಿತೆಯನ್ನು ಗೋಡೆಗೆ ಹಾಕಿದ್ದೇವೆ, ಅದರ ಪ್ರಕಾರ ಆಡಿಟ್ ಕೂಡ ನಡೆಯುತ್ತದೆ. ಇಂಥ ಸಂಹಿತೆಗಳ ಮೂಲ ವರ್ಣಭೇದ ನೀತಿಯ ಕಾಲದ ದಕ್ಷಿಣ ಆಫ್ರಿಕದಲ್ಲಿದೆ ಎಂದು ಒಂದು ತರಬೇತಿಯಲ್ಲಿ ಕೇಳಿದೆ. ಭೇದ ಮಾಡಲೇಬೇಕೆಂದು ಕಾನೂನೇ ಹೇಳುತ್ತಿದ್ದ ದೇಶದಲ್ಲಿ ಕಂಪನಿಗಳು ಸಮಾನತೆಯ ಸಂಹಿತೆಯನ್ನು ಪಾಲಿಸಿದ್ದಾದರೂ ಹೇಗೆ? ಕಾರ್ಮಿಕರಿಗೆ ಅದರಿಂದ ನಿಜಕ್ಕೂ ಪ್ರಯೋಜನವಾಯಿತೇ? ಭಾರತ ಮಾಡಿದಂತೆ ಸಂಬಂಧವನ್ನೇ ಕಡಿದುಕೊಳ್ಳುವುದು ಸರಿಯಾದ ದಾರಿಯಾಗಿರಲಿಲ್ಲವೇ?

ಉತ್ತರ: ತಮ್ಮ ಮೊದಲ ಪ್ರಶ್ನೆಯ ಒಳಗೇ ಒಂದು ನಂಬಿಕೆ ಅಡಗಿದೆ, ಮತ್ತು ಆ ಕಾಲದ ಕಂಪನಿಗಳು ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ತಮ್ಮ ಷೇರುದಾರರಿಗೆ ಅದನ್ನೇ ಹೇಳುತ್ತ ಬಂದಿದ್ದವು: ನಮಗೇನೋ ಮನಸ್ಸಿದೆ, ಅಲ್ಲಿನ ಕಾನೂನು ಬಿಡುವುದಿಲ್ಲ. ಆದ್ದರಿಂದ ಕಾನೂನು ಯಾವುದನ್ನು ತಡೆದಿತ್ತು, ಯಾವುದನ್ನು ತಡೆದಿರಲಿಲ್ಲ ಎಂಬುದನ್ನು ಮೊದಲು ಬಿಡಿಸಿ ನೋಡುವುದು ಒಳ್ಳೆಯದು. ಉಳಿದೆರಡು ಪ್ರಶ್ನೆಗಳಿಗೆ ಉತ್ತರ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.

1956ರ ಕೈಗಾರಿಕಾ ಸಂಧಾನ ಕಾಯ್ದೆಯಲ್ಲಿ 'ನೌಕರ' ಎಂಬುದಕ್ಕೆ ಕೊಟ್ಟಿದ್ದ ವ್ಯಾಖ್ಯೆಯು ಪಾಸು (ಓಡಾಟಕ್ಕೂ ವಾಸಕ್ಕೂ ಬೇಕಾಗಿದ್ದ ಅನುಮತಿಯ ಪುಸ್ತಕ) ಹೊತ್ತು ತಿರುಗಬೇಕಾಗಿದ್ದ ಆಫ್ರಿಕನ್ನರನ್ನು ಹೊರಗಿಟ್ಟಿತ್ತು. ಹೀಗಾಗಿ ಅವರ ಸಂಘಗಳು ನೋಂದಣಿಯಾಗುವಂತಿರಲಿಲ್ಲ. ಮಾಲೀಕರೂ ನೋಂದಾಯಿತ ಸಂಘಗಳೂ ಕೂತು ವೇತನ ನಿಗದಿ ಮಾಡುತ್ತಿದ್ದ ಕೈಗಾರಿಕಾ ಮಂಡಳಿಗಳಲ್ಲಿ ಅವರಿಗೆ ಸ್ಥಾನವಿರಲಿಲ್ಲ. 1953ರ ಮತ್ತೊಂದು ಕಾಯ್ದೆ ಅವರ ಮುಷ್ಕರವನ್ನೇ ಅಪರಾಧವೆಂದು ಸಾರಿತ್ತು. ಇಷ್ಟೆಲ್ಲ ಇದ್ದರೂ ನೋಂದಣಿಯಿಲ್ಲದ ಸಂಘವನ್ನು ಕಟ್ಟುವುದು ಕಾನೂನುಬಾಹಿರವಾಗಿರಲಿಲ್ಲ, ಮತ್ತು ಮಾಲೀಕನು ಅಂಥ ಸಂಘದೊಂದಿಗೆ ತಾನಾಗಿ ಒಪ್ಪಂದ ಮಾಡಿಕೊಳ್ಳುವುದನ್ನು ಯಾವ ಕಾಯ್ದೆಯೂ ತಡೆದಿರಲಿಲ್ಲ. ಸ್ಮಿತ್ ಅಂಡ್ ನೆಫ್ಯೂ ಎಂಬ ಬ್ರಿಟಿಷ್ ಕಂಪನಿಯು 1974ರಲ್ಲಿ ಡರ್ಬನ್ನಿನ ತನ್ನ ಘಟಕದಲ್ಲಿ ಜವಳಿ ಕಾರ್ಮಿಕರ ರಾಷ್ಟ್ರೀಯ ಸಂಘವನ್ನು ಮಾನ್ಯ ಮಾಡಿ ಲಿಖಿತ ಒಪ್ಪಂದಕ್ಕೆ ಸಹಿ ಹಾಕಿತು. ಆಫ್ರಿಕನ್ ಕಾರ್ಮಿಕರ ಸಂಘಗಳಿಗೆ ನೋಂದಣಿಯ ಹಕ್ಕು ಬಂದದ್ದು ಕಾರ್ಮಿಕ ಕಾನೂನುಗಳನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ವೀಹಾನ್ ಆಯೋಗದ ವರದಿಯ ನಂತರ, 1979ರಲ್ಲಿ. ಐದು ವರ್ಷ ಮೊದಲೇ ಒಬ್ಬರು ಮಾಡಿ ತೋರಿಸಿದ ಕೆಲಸವನ್ನು ಮಿಕ್ಕವರು ಕಾನೂನಿನ ಹೆಸರು ಹೇಳಿ ಮುಂದೂಡುತ್ತಲೇ ಇದ್ದರು.

ವೇತನದ ಸಂಗತಿ ಇನ್ನೂ ಸ್ಪಷ್ಟ. ಕಾನೂನು ಕನಿಷ್ಠವನ್ನು ಗೊತ್ತುಮಾಡುತ್ತಿತ್ತು. ಕಪ್ಪು ಕಾರ್ಮಿಕನಿಗೆ ಇಷ್ಟಕ್ಕಿಂತ ಹೆಚ್ಚು ಕೊಡಬಾರದೆಂಬ ಮೇಲ್ಮಿತಿ ಕಾರ್ಖಾನೆಗಳಿಗೆ ಇರಲಿಲ್ಲ. ಕೆಲವು ಕೆಲಸಗಳನ್ನು ಬಿಳಿಯರಿಗೆ ಮೀಸಲಿಡುವ 77ನೇ ಸೆಕ್ಷನ್ 1956ರ ಅದೇ ಕಾಯ್ದೆಯಲ್ಲಿ ಇತ್ತು ನಿಜ, ಗಣಿಗಳಲ್ಲಂತೂ 1911ರಿಂದಲೇ ಇಂಥ ನಿಯಮವಿತ್ತು. ಆದರೆ ಕಾರ್ಖಾನೆಗಳಲ್ಲಿ ಆ ಸೆಕ್ಷನ್ ತಾಗುತ್ತಿದ್ದ ಹುದ್ದೆಗಳು ಒಟ್ಟು ಹುದ್ದೆಗಳ ಸಣ್ಣ ಪಾಲು ಮಾತ್ರ. ಕಪ್ಪು ಕಾರ್ಮಿಕನನ್ನು ಮೇಸ್ತ್ರಿಯಾಗಲು ಬಿಡದೆ ತಡೆದದ್ದು ಹೆಚ್ಚಾಗಿ ಬಿಳಿಯರ ಸಂಘಗಳು ಮಾಡಿಕೊಂಡಿದ್ದ ಒಪ್ಪಂದಗಳು, ತರಬೇತಿಗೆ ಬಾಗಿಲು ಮುಚ್ಚಿದ್ದ ಪದ್ಧತಿ, ಮತ್ತು ಆಡಳಿತದವರ ರೂಢಿ. ಕಾನೂನು ನಿಜವಾಗಿ ಕಬ್ಬಿಣದಂತಿದ್ದದ್ದು ಗೇಟಿನ ಹೊರಗೆ: ಕಾರ್ಮಿಕ ಎಲ್ಲಿ ವಾಸಿಸಬೇಕು, ಹೆಂಡತಿ ಮಕ್ಕಳು ಅವನ ಜೊತೆ ಇರಬಹುದೇ, ಮಗು ಯಾವ ಶಾಲೆಗೆ ಹೋಗಬೇಕು, ಕೆಲಸ ಕಳೆದುಕೊಂಡರೆ ಎಷ್ಟು ದಿನದಲ್ಲಿ ಊರು ಬಿಡಬೇಕು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತಿತ್ತು. ಗೇಟಿನ ಒಳಗೆ ಬೇರೆ ಬೇರೆ ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳ ನಿಯಮಗಳಿದ್ದವು. ಕಂಪನಿಗಳು ಅವನ್ನು ಸದ್ದಿಲ್ಲದೆ ಕೈಬಿಟ್ಟಾಗ ಸರ್ಕಾರ ಬಹಳ ಸಲ ಕಂಡೂ ಕಾಣದಂತೆ ಇದ್ದುಬಿಟ್ಟಿತು.

ಹಾಗಾದರೆ ಸಂಹಿತೆಗಳು ಹುಟ್ಟಿದ್ದು ಏಕೆ? ಕಂಪನಿಗಳ ಅಂತಃಸಾಕ್ಷಿ ಒಂದು ದಿನ ಎಚ್ಚೆತ್ತಿತು ಎಂದೇನೂ ಅಲ್ಲ. 1973ರ ಜನವರಿಯಲ್ಲಿ ಡರ್ಬನ್ನಿನ ಕೊರೊನೇಷನ್ ಇಟ್ಟಿಗೆ ಮತ್ತು ಹೆಂಚಿನ ಕಾರ್ಖಾನೆಯಲ್ಲಿ ಶುರುವಾದ ಮುಷ್ಕರ ಊರಿಗೆಲ್ಲ ಹಬ್ಬಿ, ಕೆಲವೇ ತಿಂಗಳಲ್ಲಿ 1 ಲಕ್ಷದಷ್ಟು ಕಾರ್ಮಿಕರು ಕೆಲಸ ನಿಲ್ಲಿಸಿದರು. ಜವಳಿ ಗಿರಣಿಗಳ ಭಾರತೀಯ ಮೂಲದ ಕಾರ್ಮಿಕರೂ ಅವರೊಂದಿಗೆ ಹೊರಬಂದರು. ಅದೇ ಮಾರ್ಚ್‌ನಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಆಡಂ ರಫೇಲ್ ಅವರು, ಹೆಸರಾಂತ ಬ್ರಿಟಿಷ್ ಕಂಪನಿಗಳು ಅಲ್ಲಿನ ಕಾರ್ಮಿಕರಿಗೆ ಹೊಟ್ಟೆ ತುಂಬುವಷ್ಟು ಕೂಲಿಯನ್ನೂ ಕೊಡುತ್ತಿಲ್ಲವೆಂದು ವರದಿ ಮಾಡಿದರು. ಪಾರ್ಲಿಮೆಂಟಿನ ಸಮಿತಿಯೊಂದು ಕಂಪನಿಗಳ ಮುಖ್ಯಸ್ಥರನ್ನು ಕರೆಸಿ ವಿಚಾರಿಸಿತು, ಮತ್ತು 1974ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ಕಂಪನಿಗಳಿಗೆ ಮಾರ್ಗಸೂಚಿ ಹೊರಡಿಸಿತು. ತರಬೇತಿಗಳಲ್ಲಿ ಸಾಮಾನ್ಯವಾಗಿ ಮುಂದೆ ಹೇಳಲಿರುವ 1977ರ ಅಮೆರಿಕನ್ ಸಂಹಿತೆಯಿಂದಲೇ ಕಥೆ ಆರಂಭಿಸುತ್ತಾರೆ. ಡರ್ಬನ್ನಿನ ಮುಷ್ಕರ ಬಿಟ್ಟುಹೋದರೆ ಈ ಚರಿತ್ರೆ ಬುಡವಿಲ್ಲದ್ದಾಗುತ್ತದೆ.

ಇಲ್ಲಿ, ಕೂಲಿ ಸಾಕೇ ಎಂದು ಅಳೆಯಲು ಬಳಸುತ್ತಿದ್ದ 'ಬಡತನದ ರೇಖೆ'ಯ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಮ್ಮ ವೃತ್ತಿಗೆ ಅತ್ಯಂತ ಉಪಯುಕ್ತವಾದ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಕೇಪ್‌ಟೌನ್ ವಿಶ್ವವಿದ್ಯಾಲಯದ ಎಡ್ವರ್ಡ್ ಬ್ಯಾಟ್ಸನ್ 1940ರ ದಶಕದಲ್ಲೇ ಇದನ್ನು ರೂಪಿಸಿದ್ದರು. ಒಂದು ಕುಟುಂಬದ ಅತಿ ಕನಿಷ್ಠ ಆಹಾರ, ಬಟ್ಟೆ, ಒಲೆಯ ಉರುವಲು ಮತ್ತು ದೀಪ, ಸೋಪು ಮೊದಲಾದ ಶುಚಿತ್ವದ ಸಾಮಾನು, ಬಾಡಿಗೆ, ದುಡಿಯುವವನ ಬಸ್ಸು ಅಥವಾ ರೈಲಿನ ಖರ್ಚು, ಇಷ್ಟನ್ನು ಕೂಡಿಸಿದರೆ ಸಿಗುವ ಮೊತ್ತವೇ ಆ ರೇಖೆ. ಔಷಧಿ ಅದರಲ್ಲಿಲ್ಲ. ಮಕ್ಕಳ ಪುಸ್ತಕ, ಶಾಲೆಯ ಫೀಸು, ಹಾಸಿಗೆ, ಪಾತ್ರೆ, ಊರಿಗೆ ಕಳಿಸುವ ಹಣ, ಸಾವಿಗೆ ಮದುವೆಗೆ ಆಗುವ ಖರ್ಚು ಯಾವುದೂ ಇಲ್ಲ. ಯಾವ ಮನೆಯೂ ತನ್ನ ಆದಾಯವನ್ನೆಲ್ಲ ಈ ಐದಾರು ಬಾಬ್ತುಗಳಿಗೇ ಇಟ್ಟು ಬದುಕುವುದಿಲ್ಲ, ಸುಮಾರು ಮೂರನೇ ಒಂದು ಭಾಗ ಬೇರೆ ಅಗತ್ಯಗಳಿಗೆ ಹೋಗಿಯೇ ಹೋಗುತ್ತದೆ ಎಂಬುದನ್ನು ಬ್ಯಾಟ್ಸನ್ ಅವರೇ ಗಮನಿಸಿ, ನಿಜವಾದ ಕನಿಷ್ಠವೆಂದರೆ ರೇಖೆಯ ಮೇಲೆ ಇನ್ನೂ ಶೇ 50 ಸೇರಿಸಿದ ಮೊತ್ತ ಎಂದಿದ್ದರು. ಅಂದರೆ ರೇಖೆ 100 ರ‍್ಯಾಂಡ್ (ದಕ್ಷಿಣ ಆಫ್ರಿಕದ ನಾಣ್ಯ) ಇದ್ದಲ್ಲಿ ಮನೆ ನಡೆಯಲು 150 ರ‍್ಯಾಂಡ್ ಬೇಕು. ಕಂಪನಿಯೊಂದು 'ನಾವು ಬಡತನದ ರೇಖೆಗಿಂತ ಮೇಲೆ ಕೊಡುತ್ತೇವೆ' ಎಂದು ಹೆಮ್ಮೆಯಿಂದ ಹೇಳಿಕೊಂಡಾಗ ಅದು 105 ರ‍್ಯಾಂಡ್ ಕೂಡ ಇರಬಹುದಿತ್ತು. ಮುಂದೆ ಪೋರ್ಟ್ ಎಲಿಜಬೆತ್ ವಿಶ್ವವಿದ್ಯಾಲಯವೂ ಪ್ರಿಟೋರಿಯದ ಇನ್ನೊಂದು ವಿಶ್ವವಿದ್ಯಾಲಯವೂ ತಮ್ಮ ತಮ್ಮ ಅಳತೆಗಳನ್ನು ಪ್ರಕಟಿಸತೊಡಗಿದವು. ಆ ಪಟ್ಟಿಗಳಲ್ಲಿ ಆಫ್ರಿಕನ್ ಕುಟುಂಬಕ್ಕೆ ಒಂದು ಮೊತ್ತ, ಮಿಶ್ರವರ್ಣೀಯ ಕುಟುಂಬಕ್ಕೆ ಬೇರೊಂದು ಮೊತ್ತ ಇರುತ್ತಿತ್ತು. ಅಗತ್ಯವನ್ನು ಅಳೆಯುವ ಕೋಲಿನಲ್ಲೇ ವರ್ಣ ಸೇರಿಕೊಂಡಿತ್ತು ಎಂಬುದು ಕಂಪನಿಗಳ ವರದಿ ಓದುವ ಬಹುಮಂದಿಗೆ ತಿಳಿಯಲೇ ಇಲ್ಲ.

ಯುರೋಪಿನ ಆರ್ಥಿಕ ಸಮುದಾಯದ ಒಂಬತ್ತು ದೇಶಗಳು 1977ರ ಸೆಪ್ಟೆಂಬರ್ 20ರಂದು ಒಪ್ಪಿದ ಸಂಹಿತೆಯಲ್ಲಿ ಈ ಶೇ 50ರ ಮಾತು ಬಂತು: ಕನಿಷ್ಠ ವೇತನವು ಮೂಲ ಅಗತ್ಯಗಳಿಗೆ ಬೇಕಾಗುವ ಮೊತ್ತಕ್ಕಿಂತ ಮೊದಲ ಹಂತದಲ್ಲಿ ಕಡೇಪಕ್ಷ ಶೇ 50ರಷ್ಟು ಹೆಚ್ಚಿರಬೇಕು. ಅದಕ್ಕಿಂತ ಮುಖ್ಯವಾಗಿ ಆ ಸಂಹಿತೆಯ ಮೊದಲ ಭಾಗವೇ ಕಾರ್ಮಿಕ ಸಂಘಗಳ ಕುರಿತದ್ದು. ತಮಗೆ ಬೇಕಾದ ಸಂಘವನ್ನು ಕಾರ್ಮಿಕರೇ ಆರಿಸಿಕೊಳ್ಳಲಿ, ಸಂಘದವರು ಕಾರ್ಖಾನೆಯೊಳಗೆ ಬಂದು ಮಾತನಾಡಲು ಅವಕಾಶವಿರಲಿ, ಸಾಮೂಹಿಕ ಚೌಕಾಸಿ ಅವರೊಂದಿಗೆ ನಡೆಯಲಿ ಎಂದು ಅದು ಹೇಳಿತು. ವಲಸೆ ಕಾರ್ಮಿಕ ಪದ್ಧತಿಯ ಸಂಕಟವನ್ನು ತಗ್ಗಿಸಬೇಕೆಂದೂ ಸೂಚಿಸಿತು. ಆದರೆ ಪಾಲಿಸದ ಕಂಪನಿಗೆ ಯಾವ ದಂಡವೂ ಇರಲಿಲ್ಲ. ಕಂಪನಿ ತನ್ನ ವರದಿಯನ್ನು ತಾನೇ ಬರೆದು ತನ್ನ ಸರ್ಕಾರಕ್ಕೆ ಕಳಿಸಬೇಕು, ಕಳಿಸದಿದ್ದರೆ ಸರ್ಕಾರ ಇನ್ನೊಂದು ಪತ್ರ ಬರೆಯಬೇಕು, ಅಷ್ಟೇ. 1985ರ ನವೆಂಬರ್‌ನಲ್ಲಿ ಸಂಹಿತೆಯನ್ನು ತಿದ್ದಿ ಬಿಗಿಗೊಳಿಸಿದರೂ ಸ್ವಯಂಪ್ರೇರಿತ ಎಂಬ ಹಣೆಪಟ್ಟಿ ಹಾಗೆಯೇ ಉಳಿಯಿತು.

ಅಮೆರಿಕದ ದಾರಿ ಬೇರೆ. ಫಿಲಡೆಲ್ಫಿಯದ ಜಯಾನ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಲಿಯಾನ್ ಸಲಿವನ್ 1971ರಲ್ಲಿ ಜನರಲ್ ಮೋಟರ್ಸ್ ಕಂಪನಿಯ ನಿರ್ದೇಶಕ ಮಂಡಳಿಗೆ ಬಂದರು. ಅಷ್ಟು ದೊಡ್ಡ ಕಂಪನಿಯ ಮಂಡಳಿಯಲ್ಲಿ ಕೂತ ಮೊದಲ ಕಪ್ಪು ಅಮೆರಿಕನ್ ಅವರು. ಮೊದಲಿಗೆ ಅವರು ಕೇಳಿದ್ದು ಕಂಪನಿ ದಕ್ಷಿಣ ಆಫ್ರಿಕವನ್ನು ಬಿಟ್ಟು ಬರಬೇಕೆಂದು. ಅದಕ್ಕೆ ಬೆಂಬಲ ಸಿಗಲಿಲ್ಲ. 1977ರ ಮಾರ್ಚ್ 1ರಂದು ಆರು ತತ್ವಗಳನ್ನು ಪ್ರಕಟಿಸಿದಾಗ ಜನರಲ್ ಮೋಟರ್ಸ್, ಫೋರ್ಡ್, ಐಬಿಎಂ ಸೇರಿದಂತೆ 12 ಕಂಪನಿಗಳು ಸಹಿ ಹಾಕಿದವು. ಊಟದ ಕೋಣೆ, ಶೌಚಾಲಯ ಮತ್ತು ಕೆಲಸದ ಜಾಗಗಳಲ್ಲಿ ಪ್ರತ್ಯೇಕತೆ ಇರಬಾರದು, ನೇಮಕಾತಿಯಲ್ಲಿ ನ್ಯಾಯ ಇರಬೇಕು, ಸಮಾನ ಕೆಲಸಕ್ಕೆ ಸಮಾನ ವೇತನ, ತರಬೇತಿ, ಮೇಲ್ವಿಚಾರಣೆಯ ಹುದ್ದೆಗಳಲ್ಲಿ ಕಪ್ಪು ಜನರ ಸಂಖ್ಯೆ ಹೆಚ್ಚಬೇಕು, ಕಾರ್ಖಾನೆಯ ಹೊರಗಿನ ವಸತಿ, ಶಿಕ್ಷಣ, ಆರೋಗ್ಯ ಸುಧಾರಿಸಬೇಕು ಎಂಬುದು ಅವುಗಳ ಸಾರ. ಕಾರ್ಮಿಕ ಸಂಘ ಎಂಬ ಮಾತು ಆ ಮೊದಲ ಪಠ್ಯದಲ್ಲಿ ಇರಲಿಲ್ಲ. 1978-79ರ ವಿಸ್ತರಣೆಗಳಲ್ಲಿ ಅದನ್ನು ಸೇರಿಸಲಾಯಿತು. ಯುರೋಪಿನ ಸಂಹಿತೆ ಎಲ್ಲಿಂದ ಆರಂಭಿಸಿತೋ ಅಲ್ಲಿಗೆ ಅಮೆರಿಕದ್ದು ತಡವಾಗಿ, ಅಳುಕುತ್ತಲೇ ಬಂತು.

ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ವ ಕಾಗದದ ಮೇಲೆ ಎಷ್ಟು ಗಟ್ಟಿಯೋ ಕಾರ್ಖಾನೆಯಲ್ಲಿ ಅಷ್ಟೇ ಜಾರುವಂಥದ್ದು. ಕಪ್ಪು ಕಾರ್ಮಿಕರೆಲ್ಲ ಕೆಳಗಿನ ಮೂರು ಶ್ರೇಣಿಗಳಲ್ಲೂ ಬಿಳಿಯರೆಲ್ಲ ಅದರ ಮೇಲಿನ ಶ್ರೇಣಿಗಳಲ್ಲೂ ಇರುವ ಘಟಕದಲ್ಲಿ ಒಂದು ಪೈಸೆ ಹೆಚ್ಚು ಕೊಡದೆಯೂ ಈ ತತ್ವವನ್ನು ನೂರಕ್ಕೆ ನೂರು ಪಾಲಿಸಿದ್ದೇವೆಂದು ಬರೆದು ಕಳಿಸಬಹುದಿತ್ತು. ಕ್ಯಾಂಟೀನಿನ ಕಥೆಯೂ ಅದೇ. ಬಿಳಿಯರು ಮಾತ್ರ ಎಂಬ ಫಲಕ ತೆಗೆದು, ಮಾಸಿಕ ಸಂಬಳದವರಿಗೆ ಒಂದು ಕೋಣೆ, ಗಂಟೆ ಲೆಕ್ಕದ ಕೂಲಿಯವರಿಗೆ ಇನ್ನೊಂದು ಕೋಣೆ ಎಂದು ಮಾಡಿದರೆ ಫಲಕವಿಲ್ಲದೆಯೇ ಅದೇ ಜನ ಅದೇ ಜಾಗದಲ್ಲಿ ಕೂರುತ್ತಾರೆ. ಸಲಿವನ್ ಅವರ ಪರವಾಗಿ ಆರ್ಥರ್ ಡಿ. ಲಿಟಲ್ ಎಂಬ ಸಲಹಾ ಸಂಸ್ಥೆ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳ ಮೇಲೆ ಕಂಪನಿಗಳನ್ನು ಚೆನ್ನಾಗಿ ಮುಂದುವರಿಯುತ್ತಿರುವವು, ಮುಂದುವರಿಯುತ್ತಿರುವವು, ಇನ್ನೂ ಚುರುಕಾಗಬೇಕಾದವು ಎಂದು ದರ್ಜೆಗಳಾಗಿ ವಿಂಗಡಿಸುತ್ತಿತ್ತು. ಉತ್ತರ ತುಂಬುತ್ತಿದ್ದವರು ಆಡಳಿತದವರು. ಆ ಉತ್ತರ ಸರಿಯೋ ತಪ್ಪೋ ಎಂದು ಕಾರ್ಮಿಕರನ್ನು ಕೇಳುವ ವ್ಯವಸ್ಥೆ ಅದರಲ್ಲಿ ಹೆಣೆದಿರಲಿಲ್ಲ.

ಹಾಗಿದ್ದೂ ಕಂಪನಿಗಳು ಸಾಲುಗಟ್ಟಿ ಸಹಿ ಹಾಕಿದ್ದೇಕೆ? ಅಮೆರಿಕದ ವಿಶ್ವವಿದ್ಯಾಲಯಗಳು, ಚರ್ಚುಗಳು, ನಗರಗಳ ಪಿಂಚಣಿ ನಿಧಿಗಳು ತಮ್ಮ ಬಳಿಯ ಷೇರುಗಳನ್ನು ಮಾರಬೇಕೆಂದು ವಿದ್ಯಾರ್ಥಿಗಳೂ ನಾಗರಿಕರೂ ಪಟ್ಟು ಹಿಡಿದಿದ್ದರು. ಸಹಿ ಹಾಕಿದ ಕಂಪನಿಯ ಷೇರು ಇಟ್ಟುಕೊಳ್ಳುತ್ತೇವೆ, ಹಾಕದ ಕಂಪನಿಯದ್ದು ಮಾರುತ್ತೇವೆ ಎಂಬ ನಡುದಾರಿ ಆಡಳಿತ ಮಂಡಳಿಗಳಿಗೆ ಅನುಕೂಲವಾಗಿ ಕಂಡಿತು. ಹೀಗೆ ಸಂಹಿತೆ ಡೆಟ್ರಾಯಿಟಿನಲ್ಲೂ ನ್ಯೂಯಾರ್ಕಿನಲ್ಲೂ ಕಂಪನಿಗೆ ಸಿಕ್ಕ ಒಂದು ರಹದಾರಿಯಾಯಿತು. 1980ರ ದಶಕದ ನಡುವಿನ ಹೊತ್ತಿಗೆ ಸಹಿದಾರರು 150ಕ್ಕೂ ಹೆಚ್ಚಾಗಿದ್ದರು. ಆದರೂ ಅಮೆರಿಕನ್ ಕಂಪನಿಗಳಲ್ಲಿ ಕೆಲಸ ಮಾಡುತ್ತಿದ್ದ ಕಪ್ಪು ಕಾರ್ಮಿಕರು ಆ ದೇಶದ ಒಟ್ಟು ಕಪ್ಪು ಕಾರ್ಮಿಕರಲ್ಲಿ ಶೇ 1ರ ಆಸುಪಾಸಿನಲ್ಲಷ್ಟೇ ಇದ್ದರು ಎಂಬುದನ್ನು ನೆನಪಿನಲ್ಲಿಟ್ಟು ಮುಂದಿನದನ್ನು ಓದಬೇಕು.

ಸಂಹಿತೆಗಳ ದೊಡ್ಡ ಮೌನ ಇನ್ನೊಂದಿತ್ತು: ಕಂಪನಿ ತನ್ನ ಕಾರ್ಮಿಕನನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಅವು ಹೇಳಿದವು, ಏನನ್ನು ಯಾರಿಗೆ ಮಾರಬಾರದು ಎಂಬ ಬಗ್ಗೆ ತುಟಿ ಬಿಚ್ಚಲಿಲ್ಲ. ಇದನ್ನು ಮೊದಲು ಎತ್ತಿದವರು ಪೊಲರಾಯ್ಡ್ ಕಂಪನಿಯ ಇಬ್ಬರು ಕಪ್ಪು ನೌಕರರು, ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್. ತಮ್ಮ ಕಂಪನಿಯ ಕ್ಯಾಮೆರಾಗಳಿಂದ ಪಾಸು ಪುಸ್ತಕದ ಫೋಟೊಗಳು ತಯಾರಾಗುತ್ತಿವೆ ಎಂದು 1970ರಲ್ಲಿ ಅವರು ಬಯಲಿಗೆಳೆದರು. ಕಂಪನಿ 1971ರಲ್ಲಿ ಒಂದು 'ಪ್ರಯೋಗ' ಘೋಷಿಸಿತು: ಸ್ಥಳೀಯ ವಿತರಕರ ಬಳಿಯ ಕಪ್ಪು ನೌಕರರ ವೇತನ ಹೆಚ್ಚಳ, ತರಬೇತಿ, ಶಿಕ್ಷಣಕ್ಕೆ ಹಣ, ಸರ್ಕಾರಕ್ಕೆ ಮಾರಾಟ ಬಂದ್. ಆ ವಿತರಕರು ಗುಟ್ಟಾಗಿ ಸರ್ಕಾರಕ್ಕೆ ಮಾರುತ್ತಲೇ ಇದ್ದರೆಂಬುದು 1977ರಲ್ಲಿ ಹೊರಬಿದ್ದು ಪೊಲರಾಯ್ಡ್ ವ್ಯವಹಾರ ನಿಲ್ಲಿಸಿತು. ಸಲಿವನ್ ತತ್ವಗಳು ಪ್ರಕಟವಾದದ್ದೂ ಅದೇ ವರ್ಷ. ಬ್ರಿಟನ್ನಿನ ಐಸಿಎಲ್ ಕಂಪನಿಯ ಕಂಪ್ಯೂಟರುಗಳು ಆಫ್ರಿಕನ್ನರ ಪಾಸು ದಾಖಲೆಗೂ ಐಬಿಎಂ ಯಂತ್ರಗಳು ಉಳಿದ ವರ್ಣದವರ ಜನಸಂಖ್ಯಾ ನೋಂದಣಿಗೂ ಬಳಕೆಯಾದವು. ಕಾರ್ಖಾನೆಯಲ್ಲಿ ತಾನು ಬಿಳಿಯನ ಪಕ್ಕದಲ್ಲಿ ಕೂತು ಉಣ್ಣುವ ಹಕ್ಕು ಪಡೆದ ಕಾರ್ಮಿಕ, ಸಂಜೆ ಗೇಟು ದಾಟಿದೊಡನೆ ಅಂಥದ್ದೇ ಒಂದು ಯಂತ್ರ ಅಚ್ಚು ಮಾಡಿದ ದಾಖಲೆಗಾಗಿ ಪೊಲೀಸನ ಮುಂದೆ ಜೇಬು ತಡಕಬೇಕಾಗಿತ್ತು.

ಇನ್ನು ತಮ್ಮ ಎರಡನೆಯ ಪ್ರಶ್ನೆ, ಪ್ರಯೋಜನದ್ದು. ಆಯಿತು, ಆದರೆ ಸಂಘ ಗಟ್ಟಿಯಾಗಿದ್ದ ಕಡೆ ಮಾತ್ರ ಎಂಬುದು ನನ್ನ ಉತ್ತರ. ಬಾಕ್ಸ್‌ಬರ್ಗ್‌ನಲ್ಲಿದ್ದ ಕೋಲ್ಗೇಟ್ ಪಾಮೋಲಿವ್ ಸಲಿವನ್ ಸಹಿದಾರ ಕಂಪನಿ. ರಾಸಾಯನಿಕ ಕಾರ್ಮಿಕರ ಸಂಘದೊಂದಿಗೆ ಕಾರ್ಖಾನೆಯ ಮಟ್ಟದಲ್ಲಿ ವೇತನದ ಮಾತುಕತೆ ನಡೆಸಲು ಅದು ಒಪ್ಪಲಿಲ್ಲ. 1981ರಲ್ಲಿ ಸಂಘವು ಮುಷ್ಕರಕ್ಕೆ ಸಜ್ಜಾಗಿ, ಕಂಪನಿಯ ಸೋಪು ಪೇಸ್ಟುಗಳನ್ನು ಕೊಳ್ಳಬೇಡಿ ಎಂದು ಊರೂರಿಗೆ ಕರೆ ಕೊಟ್ಟ ಮೇಲೆ ಒಪ್ಪಿತು. ಸಂಹಿತೆಗೆ ಹಾಕಿದ ಸಹಿ ಇಲ್ಲಿ ಕಂಪನಿಯ ಮುಜುಗರವನ್ನು ಹೆಚ್ಚಿಸಿತು ಎಂಬುದೇನೋ ನಿಜ. ಸಂಘದ ಕೈಗೆ ಅದೊಂದು ಹೆಚ್ಚುವರಿ ಆಯುಧವಾಯಿತು. ಪೋರ್ಟ್ ಎಲಿಜಬೆತ್‌ನ ಫೋರ್ಡ್ ಕಾರ್ಖಾನೆಯಲ್ಲಿ 1979ರಲ್ಲಿ ತೊಜಮಿಲೆ ಬೊಥಾ ಎಂಬ ತರುಣ ನೌಕರ ಊರಿನ ನಾಗರಿಕ ಸಂಘಟನೆಯ ಮುಂದಾಳಾಗಿದ್ದ ಕಾರಣಕ್ಕೆ ಕೆಲಸ ಬಿಡಬೇಕಾಗಿ ಬಂದಾಗ ನೂರಾರು ಕಾರ್ಮಿಕರು ಹೊರನಡೆದರು, ಕಂಪನಿ ಬೊಥಾ ಅವರನ್ನು ವಾಪಸು ಕರೆಸಿತು. ಅದಾದ ಮೇಲೆ ಮತ್ತೊಂದು ಜಗಳ, ಸಾಮೂಹಿಕ ವಜಾ, ಮತ್ತೆ ಮರುನೇಮಕ ನಡೆದವು. ಫೋರ್ಡ್ ಮೊದಲ 12 ಸಹಿದಾರರಲ್ಲಿ ಒಂದು. ಕಾರ್ಮಿಕನ ರಾಜಕೀಯದ ಬಗ್ಗೆ ಆರು ತತ್ವಗಳಲ್ಲಿ ಒಂದೂ ಏನನ್ನೂ ಹೇಳಿರಲಿಲ್ಲ.

ಯುರೋಪಿನ ಸಂಹಿತೆಯ ಮಿತಿ ತಿಳಿಯಲು ನೇಟಾಲ್ ಪ್ರಾಂತ್ಯದ ಹೋವಿಕ್ ಊರಿನ ಬಿಟಿಆರ್ ಸಾರ್ಮ್‌ಕಾಲ್ ರಬ್ಬರ್ ಕಾರ್ಖಾನೆಯ ಪ್ರಕರಣ ಸಾಕು. ಮಾತೃ ಕಂಪನಿ ಬ್ರಿಟಿಷರದ್ದು, ಆದ್ದರಿಂದ ಸಂಹಿತೆ ಅದಕ್ಕೆ ನೇರವಾಗಿ ಅನ್ವಯಿಸುತ್ತಿತ್ತು. ಲೋಹ ಕಾರ್ಮಿಕರ ಸಂಘದಲ್ಲಿ ಬಹುಮತದ ಕಾರ್ಮಿಕರು ಸೇರಿದ್ದರೂ ಮಾನ್ಯತೆಯ ಒಪ್ಪಂದ ವರ್ಷಗಟ್ಟಲೆ ಎಳೆಯಿತು. 1985ರ ಏಪ್ರಿಲ್ 30ರಂದು ಅವರು ಮುಷ್ಕರ ಹೂಡಿದರು, ಕೆಲವೇ ದಿನಗಳಲ್ಲಿ 900ಕ್ಕೂ ಹೆಚ್ಚು ಮಂದಿಯನ್ನು ವಜಾ ಮಾಡಿ ಬೇರೆಯವರನ್ನು ತುಂಬಲಾಯಿತು. ಮ್ಪೊಫೊಮೆನಿ ಎಂಬ ಪಕ್ಕದ ಬಡಾವಣೆಯ ಮನೆಮನೆಯ ದುಡಿಮೆಯೂ ಆ ಕಾರ್ಖಾನೆಯನ್ನೇ ನೆಚ್ಚಿತ್ತು. ಕೈಗಾರಿಕಾ ನ್ಯಾಯಾಲಯ ಕಂಪನಿಯ ಪರ ತೀರ್ಪು ಕೊಟ್ಟಿತು. ವಿಚಾರಣೆ ನಡೆದಿರುವಾಗಲೇ ನ್ಯಾಯಾಲಯದ ಅಧ್ಯಕ್ಷರು ಕಂಪನಿಯ ಸಲಹೆಗಾರರು ಏರ್ಪಡಿಸಿದ್ದ ವಿಚಾರ ಸಂಕಿರಣಕ್ಕೆ ಹೋಗಿದ್ದರು ಎಂಬ ಕಾರಣಕ್ಕೆ 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಡೆವಳಿಯನ್ನೇ ಅಸಿಂಧುಗೊಳಿಸಿತು. ನ್ಯಾಯಾಧೀಶರ ಪಕ್ಷಪಾತದ ಶಂಕೆಯ ಬಗ್ಗೆ ಅಲ್ಲಿನ ವಕೀಲರು ಇಂದಿಗೂ ಉಲ್ಲೇಖಿಸುವ ತೀರ್ಪು ಅದು. ವಜಾ ಅನ್ಯಾಯದ್ದು ಎಂಬ ಕೊನೆಯ ತೀರ್ಮಾನ ಬಂದದ್ದು 1998ರಲ್ಲಿ, ಹದಿಮೂರು ವರ್ಷಗಳ ನಂತರ. ಈ ಇಡೀ ಅವಧಿಯಲ್ಲಿ ಆ ಕಾರ್ಮಿಕರನ್ನು ಕೆಲಸಕ್ಕೆ ಮರಳಿಸುವ ಶಕ್ತಿ ಬ್ರಿಟಿಷ್ ಸರ್ಕಾರದ ಕೈಲಿದ್ದ ಸಂಹಿತೆಗೆ ಇರಲಿಲ್ಲ.

ಸಂಹಿತೆಯನ್ನು ಕಾರ್ಮಿಕರೇ ಬರೆದರೆ ಅದು ಹೇಗಿರುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 1988ರಲ್ಲಿ ಜರ್ಮನಿಯ ಲೋಹ ಕಾರ್ಮಿಕರ ಸಂಘ ಐಜಿ ಮೆಟಾಲ್, ದಕ್ಷಿಣ ಆಫ್ರಿಕದ ಸಂಘಗಳೊಂದಿಗೆ ಕೂಡಿ 14 ಅಂಶಗಳ ಪಟ್ಟಿ ಮಾಡಿತು. ಕ್ಯಾಂಟೀನು, ವಿದ್ಯಾರ್ಥಿವೇತನಗಳ ಮಾತಿಗಿಂತ ಅದರ ಒತ್ತು ಬೇರೆ ಕಡೆಗಿತ್ತು: ತುರ್ತು ಪರಿಸ್ಥಿತಿಯ ಕಾನೂನುಗಳನ್ನು ಕಂಪನಿ ಕಾರ್ಮಿಕರ ವಿರುದ್ಧ ಬಳಸಿಕೊಳ್ಳಬಾರದು, ಶಾಂತಿಯುತ ಮುಷ್ಕರ ಮತ್ತು ಪಿಕೆಟಿಂಗ್ (ಗೇಟಿನ ಮುಂದೆ ನಿಂತು ಪ್ರತಿಭಟಿಸುವುದು) ಹಕ್ಕನ್ನು ಗೌರವಿಸಬೇಕು, ಸಂಘದ ಪ್ರತಿನಿಧಿಗಳು ಕಾರ್ಖಾನೆಯಲ್ಲಿ ಕೆಲಸ ಮಾಡಲು ಬಿಡಬೇಕು. ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು, ಮರ್ಸಿಡಿಸ್ ತಯಾರಕರು ಇದನ್ನು ಒಪ್ಪಿದರು. ಜರ್ಮನಿಯ ಕಾರ್ಖಾನೆಗಳಲ್ಲಿ ಅದೇ ಸಂಘದ ಮುಂದೆ ಅವರು ದಿನವೂ ಕೂರಬೇಕಿತ್ತು ಎಂಬುದು ಒಪ್ಪಿಗೆಗೆ ಮುಖ್ಯ ಕಾರಣ.

ಮೂರನೆಯ ಪ್ರಶ್ನೆಗೆ ಬರೋಣ. ಭಾರತ ದಕ್ಷಿಣ ಆಫ್ರಿಕದೊಂದಿಗೆ ವ್ಯಾಪಾರ ನಿಲ್ಲಿಸಿದ್ದು 1946ರಲ್ಲಿ, ವರ್ಣಭೇದ ಅಧಿಕೃತ ನೀತಿಯಾಗುವ 1948ಕ್ಕೂ ಮೊದಲೇ. ಅಲ್ಲಿನ ಭಾರತೀಯರು ಎಲ್ಲಿ ಭೂಮಿ ಕೊಳ್ಳಬಹುದೆಂದು ಗೆರೆ ಎಳೆದ ಕಾಯ್ದೆ ಅದರ ತಕ್ಷಣದ ಕಾರಣ. ಆಗ ನಮ್ಮ ರಫ್ತಿನ ಶೇ 5ಕ್ಕೂ ಮಿಕ್ಕ ಪಾಲು ಆ ದೇಶಕ್ಕೆ ಹೋಗುತ್ತಿತ್ತು, ಆದ್ದರಿಂದ ಅದು ನಷ್ಟವಿಲ್ಲದ ನಿರ್ಧಾರವಾಗಿರಲಿಲ್ಲ. ಆದರೆ ವ್ಯಾಪಾರ ನಿಲ್ಲಿಸುವ ದೇಶಕ್ಕೂ ಅಲ್ಲೇ ಕಾರ್ಖಾನೆ ಕಟ್ಟಿ ಸಾವಿರಾರು ಜನರನ್ನು ದುಡಿಸುತ್ತಿರುವ ಕಂಪನಿಗೂ ಹೊರಡುವ ಕ್ರಿಯೆ ಒಂದೇ ಅಲ್ಲ. ಸಲಿವನ್ 1985ರಲ್ಲಿ ಎರಡು ವರ್ಷಗಳ ಗಡುವು ಕೊಟ್ಟು, ಅಷ್ಟರಲ್ಲಿ ವರ್ಣಭೇದ ಕಾನೂನುಗಳು ರದ್ದಾಗದಿದ್ದರೆ ಕಂಪನಿಗಳು ಹೊರಡಬೇಕೆಂದರು. 1987ರ ಜೂನ್‌ನಲ್ಲಿ ತಮ್ಮದೇ ತತ್ವಗಳನ್ನು ಕೈಬಿಟ್ಟು, ಹೊರಡಿ ಎಂದು ಕರೆ ಕೊಟ್ಟರು. ಹತ್ತು ವರ್ಷ ತನ್ನ ಹೆಸರು ಹೊತ್ತ ಕಾರ್ಯಕ್ರಮ ಸಾಲದು ಎಂದು ಬಹಿರಂಗವಾಗಿ ಹೇಳಿದವರು ಸಾರ್ವಜನಿಕ ಬದುಕಿನಲ್ಲಿ ಹೆಚ್ಚು ಮಂದಿ ಸಿಗುವುದಿಲ್ಲ. ಅದಕ್ಕೂ ಮುಂಚೆ, 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತು ಅಧ್ಯಕ್ಷ ರೇಗನ್ ಅವರ ವಿಟೊ ಮೀರಿ ನಿರ್ಬಂಧಗಳ ಕಾಯ್ದೆ ತಂದು, 25ಕ್ಕಿಂತ ಹೆಚ್ಚು ನೌಕರರಿರುವ ಅಮೆರಿಕನ್ ಕಂಪನಿಗಳಿಗೆ ಇಂಥ ಸಂಹಿತೆಯನ್ನು ಕಡ್ಡಾಯ ಮಾಡಿತ್ತು. ಸ್ವಯಂಪ್ರೇರಿತವಾದದ್ದು ಕಡ್ಡಾಯವಾಗುವ ಹೊತ್ತಿಗೆ ದೊಡ್ಡ ಕಂಪನಿಗಳು ಗಂಟುಮೂಟೆ ಕಟ್ಟುತ್ತಿದ್ದವು.

ಜನರಲ್ ಮೋಟರ್ಸ್ ಅದೇ ತಿಂಗಳು ತನ್ನ ಘಟಕವನ್ನು ಸ್ಥಳೀಯ ಆಡಳಿತದವರಿಗೇ ಮಾರುವುದಾಗಿ ಪ್ರಕಟಿಸಿತು. ಕಾರ್ಮಿಕರ ಜೊತೆ ಮಾತನಾಡಿರಲಿಲ್ಲ. ಅವರು ಪರಿಹಾರದ ಹಣವನ್ನೂ ಹೊಸ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಸ್ಥಾನವನ್ನೂ ಕೇಳಿ ಮುಷ್ಕರ ಹೂಡಿದರು, ಪೊಲೀಸರನ್ನು ಕರೆಸಲಾಯಿತು, ನೂರಾರು ಮಂದಿ ಕೆಲಸ ಕಳೆದುಕೊಂಡರು. ಡೆಲ್ಟಾ ಎಂಬ ಹೊಸ ಹೆಸರಿನಡಿ ಪರವಾನಗಿ ಪಡೆದು ಓಪೆಲ್ ಮತ್ತು ಇಸುಝು ವಾಹನಗಳ ತಯಾರಿಕೆ ಮುಂದುವರಿಯಿತು. ಹೊರಡಬಾರದಿತ್ತು ಎನ್ನುವುದಕ್ಕೆ ಈ ಪ್ರಕರಣವನ್ನು ಕೆಲವರು ಸಾಕ್ಷಿಯಾಗಿ ತೋರಿಸುತ್ತಾರೆ. ನಾನು ಹಾಗೆ ಓದುವುದಿಲ್ಲ. ನಿರ್ಬಂಧ ಹೇರಿ ಎಂದು ಕೇಳುತ್ತಿದ್ದವರಲ್ಲಿ ಕ್ರೈಸ್ತ ಧರ್ಮಗುರು ಡೆಸ್ಮಂಡ್ ಟೂಟು ಅವರಂಥವರೂ 1985ರ ಕೊನೆಯಲ್ಲಿ ಹುಟ್ಟಿದ ಕೊಸಾಟು ಎಂಬ ಸಂಘಗಳ ಮಹಾ ಒಕ್ಕೂಟವೂ ಇದ್ದರು. ನಷ್ಟ ಯಾರಿಗೆ ತಟ್ಟುತ್ತದೆಂದು ಅವರಿಗೆ ತಿಳಿಯದ್ದೇನಲ್ಲ. ಸಂಘದ ಬೇಡಿಕೆ ಇದ್ದದ್ದು ಹೊರಡುವ ರೀತಿಯನ್ನು ಕುರಿತು: ಮುಂಚೆ ತಿಳಿಸಿ, ಮಾತುಕತೆಗೆ ಬನ್ನಿ, ಬಾಕಿ ಕೊಟ್ಟು ಹೋಗಿ. ಇರುವ ಕಂಪನಿಯ ಸಂಹಿತೆಯಲ್ಲಿ ಕಾರ್ಮಿಕನ ದನಿ ಇಲ್ಲವಾಗಿದ್ದಂತೆ ಹೊರಡುವ ಕಂಪನಿಯ ಯೋಜನೆಯಲ್ಲೂ ಇರಲಿಲ್ಲ. ಆದ್ದರಿಂದ ಭಾರತದ ದಾರಿ ಸರಿಯೋ ಸಲಿವನ್ ಮೊದಲು ಹಿಡಿದ ದಾರಿ ಸರಿಯೋ ಎಂದು ತೂಗುವಾಗ, ಎರಡರಲ್ಲೂ ಅಲ್ಲಿನ ಕಾರ್ಮಿಕರನ್ನು ಯಾರು ಕೇಳಿದರು ಎಂಬುದನ್ನೂ ತಕ್ಕಡಿಗೆ ಹಾಕಬೇಕಾಗುತ್ತದೆ. ಒಂದನ್ನೇ ಆರಿಸಿ ಎಂದರೆ ನಾನು 1985ರ ನಂತರ ಹೊರಡುವುದೇ ಸರಿಯಾಗಿತ್ತು ಎನ್ನುತ್ತೇನೆ, ಏಕೆಂದರೆ ಆ ದೇಶದ ಕಾರ್ಮಿಕರ ಬಹುಪಾಲು ಸಂಘಟಿತ ದನಿ ಅದನ್ನೇ ಕೇಳುತ್ತಿತ್ತು.

ತಮ್ಮ ಕಾರ್ಖಾನೆಯ ಗೋಡೆಯ ಮೇಲಿರುವ ಸಂಹಿತೆಗೂ ಇದಕ್ಕೂ ಒಂದೇ ವಂಶ ಎನ್ನುವುದು ಬಹುಮಟ್ಟಿಗೆ ನಿಜ. ಉತ್ತರ ಐರ್ಲೆಂಡಿನ ಕ್ಯಾಥೊಲಿಕ್ ಕಾರ್ಮಿಕರಿಗಾಗಿ 1984ರಲ್ಲಿ ರೂಪುಗೊಂಡ ಮ್ಯಾಕ್‌ಬ್ರೈಡ್ ತತ್ವಗಳು ಸಲಿವನ್ ಮಾದರಿಯವೇ. 1990ರ ದಶಕದ ಆರಂಭದಲ್ಲಿ ಲೀವೈಸ್, ನೈಕಿಯಂಥ ಉಡುಪು ಮತ್ತು ಪಾದರಕ್ಷೆ ಕಂಪನಿಗಳು ಬರೆದುಕೊಂಡ ಸಂಹಿತೆಗಳು ಅದೇ ಹಾದಿ ಹಿಡಿದವು. ಆಡಿಟ್ ಬಂದಾಗ ತಾವು ಗಮನಿಸಬೇಕಾದ ಮೂರು ಸಂಗತಿಗಳನ್ನು ಮಾತ್ರ ಹೇಳುತ್ತೇನೆ. ವೇತನ 'ಕನಿಷ್ಠಕ್ಕಿಂತ ಹೆಚ್ಚು' ಎಂದಿದ್ದರೆ ಆ ಕನಿಷ್ಠದೊಳಗೆ ಯಾವ ಯಾವ ಖರ್ಚು ಸೇರಿದೆ ಎಂದು ಕೇಳಿ. ಪ್ರಶ್ನಾವಳಿಗೆ ಉತ್ತರ ತುಂಬಿದವರು ಯಾರು, ಅದರ ಪ್ರತಿ ಕಾರ್ಮಿಕರ ಕೈಗೆ ಅವರ ಭಾಷೆಯಲ್ಲಿ ಸಿಕ್ಕಿತೇ ಎಂದು ನೋಡಿ. ಸಂಘ ಕಟ್ಟುವ ಹಕ್ಕಿನ ಸಾಲು ಸಂಹಿತೆಯಲ್ಲಿ ಎಷ್ಟನೆಯದು, ಆ ಸಾಲಿನ ಮುಂದೆ ಆಡಿಟರ್ ಏನು ಬರೆದರು ಎಂಬುದನ್ನೂ ಓದಿ.

ದಕ್ಷಿಣ ಆಫ್ರಿಕದಲ್ಲಿ ಆ ಸಂಹಿತೆಗಳು ಕೇಳಿದ್ದನ್ನು ಕೊನೆಗೆ ಕಾಯ್ದೆಗಳೇ ವಹಿಸಿಕೊಂಡವು. 1995ರ ಕಾರ್ಮಿಕ ಸಂಬಂಧಗಳ ಕಾಯ್ದೆ ಸಂಘಗಳಿಗೆ ಕಾರ್ಖಾನೆಯೊಳಗೆ ಪ್ರವೇಶವನ್ನೂ ಮುಷ್ಕರದ ಹಕ್ಕನ್ನೂ ಕೊಟ್ಟಿತು, 1998ರ ಉದ್ಯೋಗ ಸಮಾನತೆಯ ಕಾಯ್ದೆ ಭೇದವನ್ನು ನಿಷೇಧಿಸಿತು. ಸಲಿವನ್ ಪಟ್ಟಿಯಲ್ಲಿ ಮೂರನೆಯದಾಗಿದ್ದ ಸಮಾನ ವೇತನದ ತತ್ವ, ಸಮಾನ ಮೌಲ್ಯದ ಕೆಲಸಕ್ಕೂ ಅನ್ವಯಿಸುವಂತೆ ಆ ಕಾಯ್ದೆಯಲ್ಲಿ ಬಿಡಿಸಿ ಬರೆಯಲ್ಪಟ್ಟು ಜಾರಿಗೆ ಬಂದದ್ದು 2014ರ ಆಗಸ್ಟ್‌ನಲ್ಲಿ.